ಒಳ್ಳೆಯ ಕೋಚ್ ಎಲ್ಲಿ ಹೋದರೂ ಗೆಲ್ಲುತ್ತಾರಾ? ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಇದನ್ನು ಅಳೆದು ನೋಡುವ ಬಗೆ

ಶನಿವಾರ ಬಂತೆಂದರೆ ನಮ್ಮ ಮನೆಯ ಟಿವಿ ಮುಂದೆ ನಾಲ್ಕೈದು ಜನ ಸೇರುತ್ತೇವೆ. ಎಲ್ಲರೂ ಓದಲೆಂದು ಅಮೆರಿಕಕ್ಕೆ ಬಂದು ಇಲ್ಲೇ ಉಳಿದವರು. ಚಿತ್ರಾನ್ನದ ಪಾತ್ರೆ ಖಾಲಿಯಾಗುವ ಹೊತ್ತಿಗೆ ಯಾರಾದರೂ ಆ ಮಾತು ಎತ್ತುತ್ತಾರೆ. "ಗುರು, ನಿಕ್ ಸೇಬನ್ ಅವರನ್ನ ಯಾವ ಕಾಲೇಜಿಗೆ ಹಾಕಿದ್ರೂ ಗೆಲ್ಲಿಸ್ತಿದ್ರು." ತಕ್ಷಣ ಇನ್ನೊಬ್ಬ, "ಅಲಬಾಮಾ ಸಿಕ್ಕಿದ್ದಕ್ಕೆ ಗೆದ್ರು ಕಣೋ" ಅನ್ನುತ್ತಾನೆ. ಅಲ್ಲಿಂದ ಮುಂದೆ ಪಂದ್ಯ ಯಾರೂ ನೋಡುವುದಿಲ್ಲ. (ಸೇಬನ್ ಅಂದರೆ ಅಲಬಾಮಾ ಕಾಲೇಜಿಗೆ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಕೋಚ್.)

ಈ ಜಗಳ ವರ್ಷಗಟ್ಟಲೆ ನಡೆದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಒಬ್ಬೊಬ್ಬ ಕೋಚ್‌ಗೆ ಒಂದೊಂದು ಪುಟ. ಕಾಲೇಜುಗಳ ವರ್ಷವಾರು ಫಲಿತಾಂಶ ಎಲ್ಲರಿಗೂ ಸಿಗುತ್ತದೆ, ಅದನ್ನು ಕೂಡಿಸಿ ನೋಡುವ ತಾಳ್ಮೆ ಬೇಕು ಅಷ್ಟೇ. ನಿಮಗೂ ಇಂಥ ವಾದದಲ್ಲಿ ಆಸಕ್ತಿ ಇದ್ದರೆ ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಯಾಕೆಂದರೆ ತುಂಬ ಕಡೆ ಅಳಿಸಿ ಬರೆಯಬೇಕಾಗುತ್ತದೆ.

ಅಂಕಿಗಳನ್ನು ನಾನು ಬರೆಯುವ ರೀತಿ ಹೀಗೆ: 9-2 ಎಂದರೆ 9 ಗೆಲುವು, 2 ಸೋಲು. ಹಳೆಯ ಕಾಲದ ಪಂದ್ಯಗಳಲ್ಲಿ ಮೂರನೇ ಅಂಕಿ ಇದ್ದರೆ ಅದು ಡ್ರಾ.

ಹಂತ 1: ಆಟಗಾರ ಎಲ್ಲಿಂದ ಬರುತ್ತಾನೆ ಅನ್ನುವುದನ್ನು ತಿಳಿದುಕೊಳ್ಳಿ

ಇದು ನಾವು ಊರಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಕಾಲೇಜಿನ ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದು ಸೀಸನ್‌ಗೆ 12 ಪಂದ್ಯ. ಚೆನ್ನಾಗಿ ಆಡಿದವರಿಗೆ ಆಮೇಲೆ ಕಾನ್ಫರೆನ್ಸ್ (ಒಟ್ಟಿಗೆ ಆಡುವ ಕಾಲೇಜುಗಳ ಗುಂಪು) ಫೈನಲ್, ಬೌಲ್ ಪಂದ್ಯ (ಸೀಸನ್ ಕೊನೆಗೆ ಆಹ್ವಾನಿತರು ಆಡುವ ಪಂದ್ಯ), ಪ್ಲೇಆಫ್ (ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ನಾಕೌಟ್). ಒಂದು ಸೋಲು ಇಡೀ ವರ್ಷವನ್ನು ಕೆಡಿಸಬಹುದು.

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರರನ್ನು ಹಂಚುವಾಗ ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಸೋತವನನ್ನು ಲೀಗ್ ಕೈಹಿಡಿದು ಮೇಲೆತ್ತುತ್ತದೆ. ಕಾಲೇಜಿನಲ್ಲಿ ಇದು ಇಲ್ಲವೇ ಇಲ್ಲ. ಇಲ್ಲಿ ಆರಿಸುವವನು 17 ವರ್ಷದ ಹುಡುಗ. ಅವನು ಎಲ್ಲಿಗೆ ಹೋಗುತ್ತಾನೆ? ಗೆಲ್ಲುವ ಕಾಲೇಜಿಗೆ, ಮನೆಗೆ ಹತ್ತಿರದ ಕಾಲೇಜಿಗೆ, ಟಿವಿಯಲ್ಲಿ ಜಾಸ್ತಿ ಕಾಣುವ ಕಾಲೇಜಿಗೆ, ತನ್ನನ್ನು ಎನ್‌ಎಫ್‌ಎಲ್‌ಗೆ ಕಳಿಸುವ ಕಾಲೇಜಿಗೆ. ಹೀಗಾಗಿ ಗೆದ್ದವರ ಕಡೆಗೇ ಒಳ್ಳೆಯ ಆಟಗಾರರು ಹರಿಯುತ್ತಾರೆ. ಸೋತ ಕಾಲೇಜು ಸೋಲುತ್ತಲೇ ಇರುತ್ತದೆ.

'ಕುಣಿಯಲಾರದವಳು ನೆಲ ಡೊಂಕು ಅಂದಳು' ಅನ್ನುವ ಗಾದೆಯನ್ನು ಸೋತ ಕೋಚ್‌ಗಳ ಮೇಲೆ ಪ್ರಯೋಗಿಸುವುದು ಸುಲಭ. ಆದರೆ ಈ ಆಟದಲ್ಲಿ ಕೆಲವು ಕಡೆ ನೆಲ ನಿಜವಾಗಿಯೂ ಡೊಂಕು. ಎಷ್ಟು ಡೊಂಕು, ಅದರ ಮೇಲೆ ಎಷ್ಟು ಚೆನ್ನಾಗಿ ಕುಣಿದರು, ಈ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುವುದೇ ನಮ್ಮ ಕೆಲಸ.

ಹಂತ 2: 'ಗೆಲುವು' ಅಂದರೆ ಏನು, ಮೊದಲೇ ಬರೆದಿಡಿ

ನಮ್ಮ ಮನೆಯ ಜಗಳದಲ್ಲಿ ಅರ್ಧ ಇದರಿಂದಲೇ. ಒಬ್ಬನಿಗೆ ಗೆಲುವೆಂದರೆ ರಾಷ್ಟ್ರೀಯ ಪ್ರಶಸ್ತಿ. ಇನ್ನೊಬ್ಬನಿಗೆ ಸೋಲುತ್ತಿದ್ದ ತಂಡ ಬೌಲ್ ಪಂದ್ಯಕ್ಕೆ ಹೋದರೆ ಸಾಕು.

ನಾನು ಮೂರು ಮೆಟ್ಟಿಲು ಹಾಕಿಕೊಂಡಿದ್ದೇನೆ. ಮೊದಲನೆಯದು, ವರ್ಷಕ್ಕೆ 6 ಪಂದ್ಯ ಗೆದ್ದು ಬೌಲ್‌ಗೆ ಅರ್ಹತೆ ಪಡೆಯುವುದು. ಎರಡನೆಯದು, ಕಾನ್ಫರೆನ್ಸ್ ಗೆಲ್ಲುವುದು. ಮೂರನೆಯದು, ದೇಶಕ್ಕೇ ಮೊದಲಿಗರಾಗುವುದು. ಪುಟದ ತಲೆಯಲ್ಲೇ ಯಾವ ಮೆಟ್ಟಿಲಿನ ಬಗ್ಗೆ ಕೇಳುತ್ತಿದ್ದೀರಿ ಅಂತ ಬರೆಯಿರಿ. ಇಲ್ಲದಿದ್ದರೆ ನಡುವೆ ಮೆಟ್ಟಿಲು ಬದಲಾಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಒಂದೇ ಅಂಕಿಗೆ ಎರಡು ಅರ್ಥ ಇರುತ್ತದೆ ಅನ್ನುವುದಕ್ಕೆ ಎರಡು ಸೀಸನ್ ನೋಡಿ. 1991ರಲ್ಲಿ ಕಾನ್ಸಾಸ್ ಸ್ಟೇಟ್ 7 ಪಂದ್ಯ ಗೆದ್ದಾಗ ಆ ಊರಿಗೆ ಅದು ಹಬ್ಬ. 2007ರಲ್ಲಿ ಅಲಬಾಮಾ 7-6 ಆದಾಗ, ಅದರಲ್ಲೂ ಲೂಸಿಯಾನಾ-ಮನ್ರೋ ಎಂಬ ಸಣ್ಣ ಕಾಲೇಜಿನ ಕೈಲಿ ಸ್ವಂತ ಮೈದಾನದಲ್ಲಿ 21-14ರಿಂದ ಸೋತಾಗ, ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಆ ವರ್ಷ ಅಲಬಾಮಾ ಕೋಚ್ ಯಾರು? ನಿಕ್ ಸೇಬನ್.

ಹಂತ 3: ನೆಲವನ್ನು ಅಳೆಯಿರಿ

ಕೋಚ್ ಹೆಸರು ಬರೆಯುವ ಮೊದಲು ಕಾಲೇಜಿನ ಬಗ್ಗೆ ಬರೆಯಿರಿ.

ಒಂದು ದಿನದ ಕಾರು ಪ್ರಯಾಣದಲ್ಲಿ ಎಷ್ಟು ಒಳ್ಳೆಯ ಹೈಸ್ಕೂಲ್ ಆಟಗಾರರಿದ್ದಾರೆ? ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾ ರಾಜ್ಯಗಳು ಇದರಲ್ಲಿ ಶ್ರೀಮಂತ. ಕಾನ್ಸಾಸ್, ನೆಬ್ರಾಸ್ಕಾ, ವೆಸ್ಟ್ ವರ್ಜೀನಿಯಾ ಕಡೆ ಜನವೇ ಕಮ್ಮಿ. ಆಮೇಲೆ, ಆ ಹುಡುಗರಿಗಾಗಿ ಎಷ್ಟು ದೊಡ್ಡ ಕಾಲೇಜುಗಳು ಪೈಪೋಟಿ ಮಾಡುತ್ತವೆ? ಲೂಸಿಯಾನಾ ದೊಡ್ಡ ರಾಜ್ಯವೇನಲ್ಲ, ಆದರೆ ಅಲ್ಲಿ ಪ್ರತಿಭೆ ತುಂಬ ಇದೆ, ದೊಡ್ಡ ಹೆಸರಿನ ಕಾಲೇಜು ಎಲ್‌ಎಸ್‌ಯು ಒಂದೇ. ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ಪ್ರವೇಶ ಎಷ್ಟು ಬಿಗಿ ಅನ್ನುವುದನ್ನೂ ನೋಡಿ. ಸ್ಟ್ಯಾನ್‌ಫರ್ಡ್, ಡ್ಯೂಕ್, ವ್ಯಾಂಡರ್‌ಬಿಲ್ಟ್‌ನಲ್ಲಿ ಓದಿನ ಮಟ್ಟ ಮುಟ್ಟದ ಆಟಗಾರನನ್ನು ತೆಗೆದುಕೊಳ್ಳುವುದು ಕಷ್ಟ. ಹಣ, ಕಾನ್ಫರೆನ್ಸ್, ಕ್ರೀಡಾಂಗಣ, ಹಿಂದಿನ ಹತ್ತು ವರ್ಷದ ಫಲಿತಾಂಶ, ಇವನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು.

ಆದರೆ ನಕ್ಷೆ ನೋಡಿ ತೀರ್ಪು ಕೊಡಬೇಡಿ. ನೆಬ್ರಾಸ್ಕಾದಲ್ಲಿ ಟಾಮ್ ಆಸ್ಬರ್ನ್ 1973ರಿಂದ 1997ರವರೆಗೆ 255-49-3 ಗಳಿಸಿದರು. ಕೊನೆಯ ನಾಲ್ಕು ವರ್ಷದಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ. ಸ್ಕಾಲರ್‌ಶಿಪ್ ಇಲ್ಲದೆ ಸ್ವಂತ ಖರ್ಚಿನಲ್ಲಿ ತಂಡ ಸೇರುವ ಊರಿನ ಹುಡುಗರನ್ನು ಅವರು ದೊಡ್ಡ ಸಂಖ್ಯೆಯಲ್ಲಿ ಬೆಳೆಸಿದರು. ಬಂಜರು ಅನ್ನಿಸುವ ನೆಲದಲ್ಲೂ ಅಂತರ್ಜಲ ಇರಬಹುದು, ಅಲ್ವಾ?

ಹಂತ 4: ಮೊದಲು, ನಡುವೆ, ಆಮೇಲೆ

ಈಗ ಮುಖ್ಯ ಕೆಲಸ. ಕೋಚ್ ಬರುವ ಮುಂಚಿನ ಮೂರು ವರ್ಷ, ಅವರ ಎಲ್ಲ ವರ್ಷ, ಅವರು ಹೋದ ಮೇಲಿನ ಮೂರು ವರ್ಷ. ಮೂರನ್ನೂ ಪಕ್ಕಪಕ್ಕ ಬರೆಯಿರಿ. ಒಟ್ಟು ಗೆಲುವಿನ ಸಂಖ್ಯೆ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನನ್ನ ನೋಟ್‌ಬುಕ್‌ನಲ್ಲಿ ನನಗೆ ಅತಿ ಪ್ರೀತಿಯ ಪುಟ ಬಿಲ್ ಸ್ನೈಡರ್ ಅವರದು. ಅದನ್ನು ಪೂರ್ತಿ ಹೇಳುತ್ತೇನೆ.

ಕಾನ್ಸಾಸ್ ಸ್ಟೇಟ್ ಇರುವುದು ಮ್ಯಾನ್‌ಹ್ಯಾಟನ್ ಎಂಬ ಸಣ್ಣ ಊರಲ್ಲಿ. ನ್ಯೂಯಾರ್ಕ್‌ನದ್ದಲ್ಲ, ಕಾನ್ಸಾಸ್ ಬಯಲಿನ ಮ್ಯಾನ್‌ಹ್ಯಾಟನ್. 1987ರಲ್ಲಿ ಈ ತಂಡ 0-10-1. 1988ರಲ್ಲಿ 0-11. ಎರಡು ವರ್ಷದಲ್ಲಿ ಒಂದೇ ಒಂದು ಗೆಲುವಿಲ್ಲ. ಮೇಲಿನ ದರ್ಜೆಯ ಇತಿಹಾಸದಲ್ಲೇ ಅತಿ ಹೆಚ್ಚು ಸೋತ ಕಾಲೇಜು ಆಗ ಇದೇ. 1989ಕ್ಕೆ ಐಯೊವಾದಲ್ಲಿ ಸಹಾಯಕರಾಗಿದ್ದ ಸ್ನೈಡರ್ ಬಂದರು. ಮೊದಲ ವರ್ಷ 1-10. ಆ ಒಂದು ಗೆಲುವೂ ನಾರ್ತ್ ಟೆಕ್ಸಾಸ್ ವಿರುದ್ಧ ಕೊನೆಯ ಎಸೆತದಲ್ಲಿ ಸಿಕ್ಕಿದ್ದು. ಆಮೇಲೆ 5-6. ಆಮೇಲೆ 7-4. 1993ರಲ್ಲಿ 9-2-1. 1998ರಲ್ಲಿ ಸತತ 11 ಪಂದ್ಯ ಗೆದ್ದು ರಾಷ್ಟ್ರೀಯ ಫೈನಲ್‌ನ ಬಾಗಿಲವರೆಗೆ ಹೋದರು, ಕಾನ್ಫರೆನ್ಸ್ ಫೈನಲ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎದುರು ಹೆಚ್ಚುವರಿ ಸಮಯದಲ್ಲಿ ಸೋತರು. 2003ರಲ್ಲಿ ಒಕ್ಲಹೋಮಾವನ್ನು 35-7ರಿಂದ ಸೋಲಿಸಿ ಕಾನ್ಫರೆನ್ಸ್ ಗೆದ್ದರು.

ಹೇಗೆ ಮಾಡಿದರು? ದೊಡ್ಡ ಕಾಲೇಜುಗಳು ಬಿಟ್ಟುಹೋದ ಹುಡುಗರನ್ನು ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ತಂದರು. ಕಾನ್ಫರೆನ್ಸ್ ಹೊರಗಿನ ಪಂದ್ಯಗಳಿಗೆ ಸುಲಭದ ಎದುರಾಳಿಗಳನ್ನು ಆರಿಸಿಕೊಂಡರು. ಇದಕ್ಕೆ ಬೈದವರು ಬಹಳ. ನನಗೆ ಅದು ತಪ್ಪು ಅನ್ನಿಸುವುದಿಲ್ಲ. ಎರಡು ವರ್ಷ ಗೆಲುವನ್ನೇ ನೋಡದ ಹುಡುಗರಿಗೆ ಗೆಲ್ಲುವುದು ಹೇಗಿರುತ್ತದೆ ಅಂತ ಮೊದಲು ತೋರಿಸಬೇಕಿತ್ತು.

2005ರ ನಂತರ ಅವರು ನಿವೃತ್ತರಾದರು. ಮುಂದಿನ ಮೂರು ವರ್ಷ ತಂಡ 17-20. ಕಾಲೇಜು ಅವರನ್ನೇ ಮತ್ತೆ ಕರೆಯಿತು. 2009ರಲ್ಲಿ, 70ರ ಹೊಸ್ತಿಲಲ್ಲಿ, ಅವರು ಅದೇ ಕೆಲಸಕ್ಕೆ ಮರಳಿದರು. 2012ರಲ್ಲಿ ಮತ್ತೆ ಕಾನ್ಫರೆನ್ಸ್ ಗೆದ್ದರು. ಒಬ್ಬನೇ ಮನುಷ್ಯ, ಒಂದೇ ನೆಲ, ತೆಗೆದು ನೋಡಿದ್ದೂ ಆಯಿತು, ಮತ್ತೆ ಹಾಕಿ ನೋಡಿದ್ದೂ ಆಯಿತು. ಪ್ರಯೋಗಶಾಲೆಯಲ್ಲಿ ಮಾಡಿದ ಹಾಗಿದೆ ಇದು. ಒಟ್ಟು 215-117-1.

ಈ ಪುಟ ಓದುವಾಗ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ. ಆದರೂ 'ಎಲ್ಲಿ ಹೋದರೂ' ಅನ್ನುವ ಪ್ರಶ್ನೆಗೆ ಇದು ಉತ್ತರ ಅಲ್ಲ. ಯಾಕೆಂದರೆ ಸ್ನೈಡರ್ ಬೇರೆ ಯಾವ ಕಾಲೇಜಿಗೂ ಮುಖ್ಯ ಕೋಚ್ ಆಗಲೇ ಇಲ್ಲ. ಅತಿ ಕಷ್ಟದ ಒಂದು ಕಡೆ ಗೆದ್ದವರು ಸುಲಭದ ಕಡೆ ಇನ್ನೂ ಗೆಲ್ಲುತ್ತಿದ್ದರು ಅಂತ ನಮಗೆ ಅನ್ನಿಸುತ್ತದೆ. ಅನ್ನಿಸುವುದು ಬೇರೆ, ಪುಟದಲ್ಲಿ ಇರುವುದು ಬೇರೆ. ಅದಕ್ಕೇ ಮುಂದಿನ ಹಂತ.

ಹಂತ 5: ಊರು ಬದಲಿಸಿದವರನ್ನು ಹುಡುಕಿ

ಎರಡು ಮೂರು ಬೇರೆ ಬೇರೆ ನೆಲದಲ್ಲಿ ಕೆಲಸ ಮಾಡಿದವರೇ ಇಲ್ಲಿ ನಿಜವಾದ ಸಾಕ್ಷಿ. ಕ್ರಿಕೆಟ್ ನೋಡುವವರಿಗೆ ಚಂದ್ರಕಾಂತ್ ಪಂಡಿತ್ ನೆನಪಾಗಬಹುದು. ಮುಂಬೈ ಬಿಟ್ಟು ವಿದರ್ಭಕ್ಕೆ ಹೋಗಿ ಎರಡು ರಣಜಿ ಗೆಲ್ಲಿಸಿದರು. ಆಮೇಲೆ ಮಧ್ಯಪ್ರದೇಶಕ್ಕೆ ಹೋಗಿ 2022ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ ಮುಂಬೈಯನ್ನು ಸೋಲಿಸಿ ಕಪ್ ಎತ್ತಿಸಿದರು. ಅಂಥವರನ್ನು ಇಲ್ಲಿ ಹುಡುಕಬೇಕು.

ಅರ್ಬನ್ ಮೈಯರ್ ಪುಟ ತೆಗೆಯಿರಿ. ಬೌಲಿಂಗ್ ಗ್ರೀನ್ 2000ದಲ್ಲಿ 2-9, ಅವರು ಬಂದ ವರ್ಷ 8-3. ಯೂಟಾದಲ್ಲಿ ಎರಡು ವರ್ಷ, 22-2, ಎರಡನೇ ವರ್ಷ ಒಂದೂ ಸೋಲಿಲ್ಲ. ಫ್ಲೋರಿಡಾದಲ್ಲಿ 2006, 2008ರ ರಾಷ್ಟ್ರೀಯ ಪ್ರಶಸ್ತಿ. ಒಹಾಯೋ ಸ್ಟೇಟ್ 2011ರಲ್ಲಿ 6-7, 2012ರಲ್ಲಿ 12-0, 2014ರಲ್ಲಿ ಪ್ರಶಸ್ತಿ. ನಾಲ್ಕು ಕಡೆ ಹೋದರು, ನಾಲ್ಕು ಕಡೆಯೂ ಮೊದಲ ವರ್ಷವೇ ತಂಡ ಮೇಲೆದ್ದಿತು. ಬರೀ ಅಂಕಿ ನೋಡಿದರೆ ಇಷ್ಟು ಬಲವಾದ ಪುಟ ನನ್ನ ಹತ್ತಿರ ಇನ್ನೊಂದಿಲ್ಲ. ಆದರೆ ಕೊನೆಯ ಎರಡು ನೆಲ ದೇಶದಲ್ಲೇ ಅತಿ ಫಲವತ್ತಾದವು ಅನ್ನುವುದನ್ನು ಪಕ್ಕದಲ್ಲಿ ಬರೆಯಿರಿ.

ಸ್ಟೀವ್ ಸ್ಪರಿಯರ್ ಅವರದು ಇನ್ನೂ ಚೆಂದ. 1989ರಲ್ಲಿ ಡ್ಯೂಕ್‌ನಂಥ ಬ್ಯಾಸ್ಕೆಟ್‌ಬಾಲ್ ಕಾಲೇಜಿಗೆ ಕಾನ್ಫರೆನ್ಸ್ ಪ್ರಶಸ್ತಿಯಲ್ಲಿ ಪಾಲು ಕೊಡಿಸಿದರು. ಫ್ಲೋರಿಡಾದಲ್ಲಿ 12 ವರ್ಷ, 122-27-1, 1996ರ ರಾಷ್ಟ್ರೀಯ ಪ್ರಶಸ್ತಿ. ಆಮೇಲೆ ಸೌತ್ ಕ್ಯಾರೊಲೈನಾದಲ್ಲಿ 2011ರಿಂದ 2013ರವರೆಗೆ ಸತತ ಮೂರು ವರ್ಷ 11 ಗೆಲುವು. ಮೂರು ನೆಲ, ಮೂರು ಬೇರೆ ಎತ್ತರ. ಕೋಚ್ ಅದೇ. ಡ್ಯೂಕ್‌ನಲ್ಲಿ ಅವರು ಮೂರನೇ ಮೆಟ್ಟಿಲು ಮುಟ್ಟಲಿಲ್ಲ, ಸೌತ್ ಕ್ಯಾರೊಲೈನಾದಲ್ಲಿ ಎರಡನೆಯದೂ ಸಿಗಲಿಲ್ಲ. ಆದರೆ ಎರಡೂ ಕಡೆ ಆ ಕಾಲೇಜು ಬಹುಕಾಲದಿಂದ ಕಾಣದ್ದನ್ನು ಕಾಣಿಸಿದರು.

ಮೈಕ್ ಲೀಚ್ ಕೂಡ ಹೀಗೆಯೇ. ಲಬಕ್ (ಟೆಕ್ಸಾಸ್ ಟೆಕ್), ಪುಲ್‌ಮನ್ (ವಾಷಿಂಗ್ಟನ್ ಸ್ಟೇಟ್), ಸ್ಟಾರ್ಕ್‌ವಿಲ್ (ಮಿಸಿಸಿಪ್ಪಿ ಸ್ಟೇಟ್), ಮೂರೂ ದೂರದ ಊರುಗಳು, ಪಕ್ಕದಲ್ಲಿ ದೊಡ್ಡ ಎದುರಾಳಿಗಳು. ಮೂರೂ ಕಡೆ ಒಂದೇ ಆಟ: ಮೈದಾನದ ಅಗಲಕ್ಕೂ ಆಟಗಾರರನ್ನು ಹರಡಿ, ಚೆಂಡನ್ನು ಎಸೆಯುತ್ತಲೇ ಇರುವುದು. ಟೆಕ್ಸಾಸ್ ಟೆಕ್‌ನಲ್ಲಿ 84-43. ವಾಷಿಂಗ್ಟನ್ ಸ್ಟೇಟ್ ಅವರಿಗೆ ಮುಂಚಿನ ನಾಲ್ಕು ವರ್ಷ 9-40 ಇತ್ತು, 2018ರಲ್ಲಿ 11-2 ಆಯಿತು. ಆದರೂ ಒಂದು ಕಾನ್ಫರೆನ್ಸ್ ಫೈನಲ್‌ವರೆಗೂ ಅವರ ತಂಡ ಹೋಗಲಿಲ್ಲ. ಮೊದಲ ಮೆಟ್ಟಿಲಿಗೆ ಲೀಚ್ 'ಎಲ್ಲಿ ಹೋದರೂ' ಕೋಚ್. ಮೂರನೆಯದಕ್ಕೆ ಅಲ್ಲ.

ಹಂತ 6: ಸೇಬನ್ ಪುಟವನ್ನು ಮೊದಲಿಂದ ಓದಿ

ಎಲ್ಲರೂ 2009ರಿಂದ ಓದುತ್ತಾರೆ. ನೀವು 1995ರಿಂದ ಓದಿ.

ಮಿಷಿಗನ್ ಸ್ಟೇಟ್‌ನಲ್ಲಿ ಸೇಬನ್ ಅವರ ಮೊದಲ ನಾಲ್ಕು ವರ್ಷ: 6-5-1, 6-6, 7-5, 6-6. ಹಿಂದಿನವರ ಕಾಲದ ನಿಯಮ ಉಲ್ಲಂಘನೆಗೆ ದಂಡವಾಗಿ ಕೆಲವು ಸ್ಕಾಲರ್‌ಶಿಪ್ ಕಡಿತವಾಗಿತ್ತು, ಅದನ್ನೂ ಬರೆದುಕೊಳ್ಳಿ. 1998ರಲ್ಲಿ ಮೊದಲ ಸ್ಥಾನದಲ್ಲಿದ್ದ ಒಹಾಯೋ ಸ್ಟೇಟ್ ಅನ್ನು 28-24ರಿಂದ ಸೋಲಿಸಿದರು. ಐದನೇ ವರ್ಷ 9-2. ಅಲ್ಲಿಗೆ ಎಲ್‌ಎಸ್‌ಯು ಕರೆಯಿತು, ಹೋದರು.

ಹೀಗೆ ಅತಿ ದೊಡ್ಡ ಕಾಲೇಜ್ ಕೋಚ್ ಎನ್ನಿಸಿಕೊಂಡವರು ನಡುಮಟ್ಟದ ನೆಲದಲ್ಲಿ ಮೊದಲ ನಾಲ್ಕು ವರ್ಷ ನಡುಮಟ್ಟದ ಫಲಿತಾಂಶವನ್ನೇ ಕೊಟ್ಟರು. ಮುಂದೆ ನೋಡಿ. ಅಲ್ಲಿ ಸೇಬನ್ ಕೈಕೆಳಗೆ ಸಹಾಯಕರಾಗಿದ್ದ ಮಾರ್ಕ್ ಡಾಂಟೋನಿಯೊ 2007ರಲ್ಲಿ ಅದೇ ಕಾಲೇಜಿಗೆ ಮುಖ್ಯ ಕೋಚ್ ಆಗಿ ಬಂದರು. 114-57. ಮೂರು ಸಲ ಕಾನ್ಫರೆನ್ಸ್ ಪ್ರಶಸ್ತಿ, 2015ರಲ್ಲಿ ಪ್ಲೇಆಫ್. ಅದೇ ನೆಲದಲ್ಲಿ ಶಿಷ್ಯ ಗುರುವಿಗಿಂತ ಎತ್ತರಕ್ಕೆ ಹೋದರು. ಅಂದರೆ ಡಾಂಟೋನಿಯೊ ಸೇಬನ್‌ಗಿಂತ ದೊಡ್ಡವರೇ? ನಾನು ಹಾಗೆ ಹೇಳುವುದಿಲ್ಲ. ಡಾಂಟೋನಿಯೊಗೆ 13 ವರ್ಷ ಸಿಕ್ಕಿತು, ಸೇಬನ್ ಐದಕ್ಕೇ ಹೊರಟರು. ಸೇಬನ್ ಆಗಿನ್ನೂ ಕಲಿಯುತ್ತಿದ್ದರು ಅನ್ನುವುದೂ ನಿಜ. ನಾವು 'ಸೇಬನ್' ಅಂದಾಗ ಯಾವ ವರ್ಷದ ಸೇಬನ್ ಅನ್ನುವುದೂ ಪ್ರಶ್ನೆಯ ಭಾಗ.

ಎಲ್‌ಎಸ್‌ಯು ಸಾಲು ಇನ್ನೊಂದು ಪಾಠ ಹೇಳುತ್ತದೆ. 1998ರಲ್ಲಿ ಆ ತಂಡ 4-7, 1999ರಲ್ಲಿ 3-8. ಸೇಬನ್ ಬಂದ ನಾಲ್ಕನೇ ವರ್ಷ, 2003ರಲ್ಲಿ, ರಾಷ್ಟ್ರೀಯ ಪ್ರಶಸ್ತಿ. ಅವರು ಹೋದ ಮೇಲೆ ಲೆಸ್ ಮೈಲ್ಸ್ 2007ರಲ್ಲಿ ಗೆದ್ದರು. ಅವರ ನಂತರ ಎಡ್ ಓರ್ಜರಾನ್ 2019ರಲ್ಲಿ 15-0 ಮಾಡಿ ಗೆದ್ದರು. ಸಾಲಾಗಿ ಮೂವರು. ನೆಲ ಮೊದಲಿನಿಂದಲೂ ಒಳ್ಳೆಯದೇ ಇತ್ತು, ಬಹುಕಾಲ ಚೆನ್ನಾಗಿ ಉಳುವವರಿರಲಿಲ್ಲ. ಮತ್ತೆ ಉತ್ತವರು ಸೇಬನ್. ಆ ಶ್ರೇಯ ಅವರಿಗೆ ಪೂರ್ತಿ ಕೊಡಬೇಕು.

ಇನ್ನು ಓರ್ಜರಾನ್ ಅವರನ್ನೇ ಹಿಂದಕ್ಕೆ ಹಿಂಬಾಲಿಸಿ. ಓಲ್ ಮಿಸ್‌ನಲ್ಲಿ ಮೂರು ವರ್ಷ, 10-25. ಅದೇ ಮನುಷ್ಯ ಎಲ್‌ಎಸ್‌ಯುನಲ್ಲಿ ಒಂದೂ ಸೋಲದೆ ಪ್ರಶಸ್ತಿ ಗೆದ್ದರು. ಜೀನ್ ಚಿಜಿಕ್ ಐಯೊವಾ ಸ್ಟೇಟ್‌ನಲ್ಲಿ 5-19, ಆಬರ್ನ್‌ನಲ್ಲಿ 2010ಕ್ಕೆ ಕ್ಯಾಮ್ ನ್ಯೂಟನ್ ಎಂಬ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೊತೆ 14-0, ಎರಡು ವರ್ಷದ ಮೇಲೆ 3-9. ಪ್ರಶಸ್ತಿ ಗೆದ್ದವರೆಲ್ಲ ಎಲ್ಲಿ ಬೇಕಾದರೂ ಗೆಲ್ಲುವವರಲ್ಲ ಅನ್ನುವುದಕ್ಕೆ ಈ ಎರಡು ಪುಟ ಸಾಕು.

ಅಲಬಾಮಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 17 ವರ್ಷ, ಆರು ರಾಷ್ಟ್ರೀಯ ಪ್ರಶಸ್ತಿ. ಅದಕ್ಕೂ ಮುಂಚೆ ಅಲ್ಲೇ ಬೇರ್ ಬ್ರಯಂಟ್ ಕೂಡ ಆರು ಗೆದ್ದಿದ್ದರು. ಅವರಿಬ್ಬರ ನಡುವಿನ 24 ವರ್ಷದಲ್ಲಿ ಅಲಬಾಮಾಕ್ಕೆ ಸಿಕ್ಕಿದ್ದು ಒಂದೇ, 1992ರಲ್ಲಿ. ನೆಲ ಅಷ್ಟು ಒಳ್ಳೆಯದಾದರೂ ಎಲ್ಲರಿಗೂ ಆರು ಸಿಗುವುದಿಲ್ಲ.

ಹಂತ 7: ಹೋಗುವಾಗ ಏನನ್ನು ಜೊತೆಗೆ ಒಯ್ದರು?

ಕೋಚ್ ಒಬ್ಬರೇ ಹೋಗುವುದಿಲ್ಲ. ಸಹಾಯಕರು, ಆಟದ ಶೈಲಿ, ಈಗೀಗ ಆಟಗಾರರು ಕೂಡ ಜೊತೆಗೆ ಹೋಗುತ್ತಾರೆ. ಯಾವುದು ಬಂತು, ಯಾವುದು ಉಳಿಯಿತು ಅಂತ ಬರೆಯಿರಿ.

ರಿಚ್ ರಾಡ್ರಿಗೆಜ್ ವೆಸ್ಟ್ ವರ್ಜೀನಿಯಾದಲ್ಲಿ 60-26. 2008ರಲ್ಲಿ ಮಿಷಿಗನ್‌ಗೆ ಹೋದರು. ಹೆಸರು, ಹಣ, ಲಕ್ಷ ಜನ ಹಿಡಿಸುವ ಕ್ರೀಡಾಂಗಣ, ಎಲ್ಲ ಹೆಚ್ಚು. ಆದರೆ ವರ್ಷಗಳಿಂದ ಅವರ ಡಿಫೆನ್ಸ್ ನೋಡಿಕೊಂಡಿದ್ದ ಜೆಫ್ ಕ್ಯಾಸ್ಟೀಲ್ ಜೊತೆಗೆ ಬರಲಿಲ್ಲ. ಇದ್ದ ಆಟಗಾರರು ಬೇರೆ ಶೈಲಿಗೆಂದು ಆರಿಸಿದವರು. ಮೊದಲ ವರ್ಷ 3-9, ಮೂರು ವರ್ಷಕ್ಕೆ 15-22. ಅವರನ್ನು ತೆಗೆದ ಮರುವರ್ಷ, ಹೆಚ್ಚುಕಮ್ಮಿ ಅದೇ ಹುಡುಗರು ಹೊಸ ಡಿಫೆನ್ಸ್ ಕೋಚ್ ಕೈಲಿ 11-2 ಆದರು. ಫಲವತ್ತಾದ ನೆಲಕ್ಕೆ ಹೋಗಿ ಸೋಲಬಹುದು ಅನ್ನುವುದನ್ನು ನಮ್ಮ ಜಗಳದಲ್ಲಿ ಯಾರೂ ನೆನೆಯುವುದಿಲ್ಲ.

ಸಹಾಯಕರು ಬಂದರೆ ಸಾಕೇ? ಸ್ಕಾಟ್ ಫ್ರಾಸ್ಟ್ ಪುಟ ನೋಡಿ. 2015ರಲ್ಲಿ 0-12 ಇದ್ದ ಯುಸಿಎಫ್ ಅನ್ನು ಎರಡೇ ವರ್ಷದಲ್ಲಿ 13-0 ಮಾಡಿದರು. ತಮ್ಮ ಸಹಾಯಕರನ್ನೇ ಕರೆದುಕೊಂಡು ಹುಟ್ಟೂರ ಕಾಲೇಜು ನೆಬ್ರಾಸ್ಕಾಕ್ಕೆ ಬಂದರು. ಅವರು ಅಲ್ಲಿ 1997ರ ಪ್ರಶಸ್ತಿ ಗೆದ್ದ ಕ್ವಾರ್ಟರ್‌ಬ್ಯಾಕ್. ಊರಿಗೆ ಊರೇ ಅವರ ಹಿಂದೆ ನಿಂತಿತ್ತು. ಫಲಿತಾಂಶ 16-31. 2021ರ 9 ಸೋಲುಗಳಲ್ಲಿ ಪ್ರತಿಯೊಂದೂ ಒಂದಂಕಿ ಅಂತರದ್ದು. ಇದು ದುರದೃಷ್ಟವಾ, ಕೋಚಿಂಗಾ? ಒಂದು ವರ್ಷವಾದರೆ ದುರದೃಷ್ಟ ಅನ್ನಬಹುದು. ವರ್ಷಗಟ್ಟಲೆ ಹತ್ತಿರದ ಪಂದ್ಯಗಳನ್ನೇ ಕಳೆದುಕೊಂಡರೆ ಅದು ಕೋಚಿಂಗ್ ಅನ್ನುವುದು ನನ್ನ ಅಭಿಪ್ರಾಯ.

ಹಂತ 8: ಕಾಲವನ್ನು ಒಂದು ಕಾಲಮ್‌ನಲ್ಲಿ ಬರೆಯಿರಿ

ಬ್ರಯಂಟ್ ಅವರ ಕಾಲದ ಬಹುಭಾಗ ಕಾಲೇಜು ಕೊಡುವ ಸ್ಕಾಲರ್‌ಶಿಪ್‌ಗಳಿಗೆ ದೇಶಮಟ್ಟದ ಮಿತಿ ಇರಲಿಲ್ಲ. 1973ರಲ್ಲಿ 105ರ ಮಿತಿ ಬಂತು, ಆಮೇಲೆ 95, 1994ಕ್ಕೆ 85. ಮಿತಿ ಇಳಿದಷ್ಟೂ ದೊಡ್ಡವರು ಬಿಟ್ಟ ಆಟಗಾರರು ಸಣ್ಣವರಿಗೆ ಸಿಕ್ಕರು. ಸ್ನೈಡರ್ ಮೇಲೆ ಬಂದ ವರ್ಷಗಳನ್ನು ಇದರ ಪಕ್ಕ ಇಟ್ಟು ನೋಡಿ.

2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರ ಪಟ್ಟಿ) ಬಂತು. 2021ರಿಂದ ಆಟಗಾರ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಿಲ್ಲ, ತನ್ನ ಹೆಸರಿನಿಂದ ಹಣವನ್ನೂ ಗಳಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮುಂಚೆ ತಂಡ ಕಟ್ಟಲು ನಾಲ್ಕೈದು ವರ್ಷ ಬೇಕಿತ್ತು, ಈಗ ಒಂದು ಚಳಿಗಾಲ ಸಾಕು. ಹೀಗಾಗಿ 1989ರ ಕೋಚ್‌ಗೂ 2024ರ ಕೋಚ್‌ಗೂ ಒಂದೇ ಅಳತೆಗೋಲು ಹಿಡಿಯಬೇಡಿ.

ಇದಕ್ಕೆ ಸೇರಿದ ಇನ್ನೊಂದು ಮಾತು: ಮೊದಲ ವರ್ಷಕ್ಕೆ ಕಡಿಮೆ ತೂಕ ಕೊಡಿ. ಬ್ರಯಂಟ್ ಟೆಕ್ಸಾಸ್ ಎ ಅಂಡ್ ಎಂನಲ್ಲಿ ಶುರು ಮಾಡಿದ್ದು 1-9ರಿಂದ, ಮೂರನೇ ವರ್ಷ 9-0-1. ಲೂ ಹೋಲ್ಟ್ಸ್ ಸೌತ್ ಕ್ಯಾರೊಲೈನಾದಲ್ಲಿ 1999ಕ್ಕೆ 0-11, ಮರುವರ್ಷ 8-4.

ಹಂತ 9: ಎನ್‌ಎಫ್‌ಎಲ್ ಸೋಲನ್ನು ಬೇರೆ ಪುಟದಲ್ಲಿಡಿ

ವಾದ ಮಾಡುವವರು ಇದನ್ನು ತಕ್ಷಣ ಎತ್ತುತ್ತಾರೆ. ಸೇಬನ್ ಮಯಾಮಿ ಡಾಲ್ಫಿನ್ಸ್‌ನಲ್ಲಿ 15-17. ಸ್ಪರಿಯರ್ ವಾಷಿಂಗ್ಟನ್‌ನಲ್ಲಿ 12-20. ಮೈಯರ್ ಜ್ಯಾಕ್ಸನ್‌ವಿಲ್‌ನಲ್ಲಿ 2-11, ಸೀಸನ್ ಮುಗಿಯುವ ಮೊದಲೇ ಹೊರಗೆ. ತಿರುವಿ ಹಾಕಿದರೂ ಹಾಗೇ. ಮುಖ್ಯ ಕೋಚ್ ಆಗಿ ಆರು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದ ಬಿಲ್ ಬೆಲಿಚಿಕ್ 2025ರಲ್ಲಿ ನಾರ್ತ್ ಕ್ಯಾರೊಲೈನಾ ಕಾಲೇಜಿಗೆ ಬಂದರು, ಮೊದಲ ವರ್ಷ 4-8. ಹುಡುಗನ ಮನೆಗೆ ಹೋಗಿ ಅವನ ಅಮ್ಮನ ವಿಶ್ವಾಸ ಗಳಿಸುವುದು ಒಂದು ಕೆಲಸ. ಸಂಬಳದ ಲೆಕ್ಕದಲ್ಲಿ ತಂಡ ನಡೆಸುವುದು ಇನ್ನೊಂದು. ಜಿಮ್ ಹಾರ್ಬಾ ಎರಡನ್ನೂ ಮಾಡಿದ್ದಾರೆ. 1-11 ಇದ್ದ ಸ್ಟ್ಯಾನ್‌ಫರ್ಡ್ ಅನ್ನು ನಾಲ್ಕು ವರ್ಷದಲ್ಲಿ 12-1 ಮಾಡಿ, ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದು, 2023ರಲ್ಲಿ ಮಿಷಿಗನ್‌ಗೆ 15-0 ತಂದರು. ಅಂಥವರು ವಿರಳ.

ನಿಯಮ ಮುರಿದು ಬಂದ ಗೆಲುವುಗಳ ಪಕ್ಕದಲ್ಲೂ ಒಂದು ಗುರುತು ಹಾಕಿ. ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ) ಕಾಲೇಜು 2004ರ ಸೀಸನ್‌ಗೆ ಗೆದ್ದ ಬಿಸಿಎಸ್ (ಆಗಿನ ರಾಷ್ಟ್ರೀಯ ಫೈನಲ್ ವ್ಯವಸ್ಥೆ) ಪ್ರಶಸ್ತಿಯನ್ನು ಆಮೇಲೆ ಕಿತ್ತುಕೊಂಡರು. ಮಿಷಿಗನ್‌ನ ಆ 2023ರ ಸೀಸನ್‌ನಲ್ಲೇ ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ ಹಾರ್ಬಾ ಮೂರು ಪಂದ್ಯ ಹೊರಗೆ ಕೂರಬೇಕಾಯಿತು.

ಹಂತ 10: ಈಗ ಒಂದು ಪುಟ ನೀವೇ ತುಂಬಿ

ಕರ್ಟ್ ಸಿಗ್ನೆಟ್ಟಿ ಅವರಿಂದ ಶುರು ಮಾಡಿ. ಮೇಲಿನ ಎಲ್ಲ ಹಂತವೂ ಒಂದೇ ಪುಟದಲ್ಲಿ ಸಿಗುತ್ತದೆ.

ಸೇಬನ್ ಕೈಕೆಳಗೆ ಅಲಬಾಮಾದಲ್ಲಿ ನಾಲ್ಕು ವರ್ಷ ಸಹಾಯಕರು. 2011ರಲ್ಲಿ, ಐವತ್ತರ ಹತ್ತಿರದಲ್ಲಿ, ಆ ಕೆಲಸ ಬಿಟ್ಟು ಎರಡನೇ ದರ್ಜೆಯ ಸಣ್ಣ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಆ ಕಾಲೇಜಿನ ಹೆಸರು ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ. ಅಲ್ಲಿ 53-17. ಈಲಾನ್‌ನಲ್ಲಿ 14-9. ಜೇಮ್ಸ್ ಮ್ಯಾಡಿಸನ್‌ನಲ್ಲಿ 52-9. ಇಷ್ಟಾದರೂ ದೊಡ್ಡ ಕಾಲೇಜು ಕರೆದಾಗ ಅವರ ವಯಸ್ಸು 62. ಕರೆದದ್ದು ಇಂಡಿಯಾನಾ. ಪೆನ್ಸಿಲ್ವೇನಿಯಾದ್ದಲ್ಲ, ಇಂಡಿಯಾನಾ ರಾಜ್ಯದ್ದು. ಅದರ ಇತಿಹಾಸದಲ್ಲಿ ಒಂದು ಸೀಸನ್‌ಗೆ 10 ಗೆಲುವು ಒಮ್ಮೆಯೂ ಇರಲಿಲ್ಲ. ಕೊನೆಯ ಕಾನ್ಫರೆನ್ಸ್ ಪ್ರಶಸ್ತಿ 1967ರದ್ದು, ಅದೂ ಹಂಚಿಕೊಂಡದ್ದು. 2023ರಲ್ಲಿ 3-9.

2024ರಲ್ಲಿ 11-2. 2025ರಲ್ಲಿ 16-0. ಕಾನ್ಫರೆನ್ಸ್ ಫೈನಲ್‌ನಲ್ಲಿ ಒಹಾಯೋ ಸ್ಟೇಟ್ ವಿರುದ್ಧ 13-10. ರೋಸ್ ಬೌಲ್‌ನಲ್ಲಿ ಅಲಬಾಮಾ ವಿರುದ್ಧ 38-3. ಕೊನೆಗೆ ಮಯಾಮಿಯನ್ನು 27-21ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ.

ಪುಟದ ಬಲಗಡೆ ಉಳಿದದ್ದನ್ನು ಬರೆಯಿರಿ. ಜೇಮ್ಸ್ ಮ್ಯಾಡಿಸನ್‌ನಿಂದ 13 ಆಟಗಾರರು ಅವರ ಜೊತೆ ಬಂದರು, ಅಫೆನ್ಸ್ ಮತ್ತು ಡಿಫೆನ್ಸ್ ನೋಡಿಕೊಳ್ಳುವ ಸಹಾಯಕರೂ ಬಂದರು. 2025ರ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾ ಕಾಲೇಜಿನಿಂದ ವರ್ಗವಾಗಿ ಬಂದವನು, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಗೆದ್ದ. ಹತ್ತು ವರ್ಷ ಮುಂಚೆ ಆಗಿದ್ದರೆ ಹೀಗೆ ಬಂದವರಲ್ಲಿ ಹಲವರು ಒಂದು ವರ್ಷ ಬೆಂಚ್ ಮೇಲೆ ಕೂರಬೇಕಿತ್ತು. ಹಾಗಾದರೆ ಇದು ಕಾಲದ ಗೆಲುವಾ, ಕೋಚ್ ಗೆಲುವಾ? ಪೋರ್ಟಲ್ ಎಲ್ಲ 130 ಕಾಲೇಜಿಗೂ ತೆರೆದಿತ್ತು, 16-0 ಆದದ್ದು ಒಂದು. ನಾನು ಕೋಚ್ ಕಡೆಗೆ ತೂಕ ಹಾಕುತ್ತೇನೆ.

ನನ್ನ ನೋಟ್‌ಬುಕ್‌ನಲ್ಲಿ ಮೂರನೇ ಮೆಟ್ಟಿಲಿಗೆ 'ಎಲ್ಲಿ ಹೋದರೂ' ಅಂತ ಯಾರ ಹೆಸರ ಮುಂದೆಯೂ ಬರೆದಿಲ್ಲ. ಮೊದಲ ಮೆಟ್ಟಿಲಿಗೆ ಐದು ಹೆಸರಿದೆ: ಬ್ರಯಂಟ್, ಸ್ಪರಿಯರ್, ಲೀಚ್, ಮೈಯರ್, ಸಿಗ್ನೆಟ್ಟಿ. ಸ್ನೈಡರ್ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ. ಸೇಬನ್ ಮುಂದೆ ಎರಡು ಸಾಲಿದೆ, ಒಂದು 1995ರವರದು, ಒಂದು 2009ರವರದು. ಮೊದಲನೆಯವರನ್ನು ಮ್ಯಾನ್‌ಹ್ಯಾಟನ್‌ಗೆ ಕಳಿಸಿದ್ದರೆ ಏನಾಗುತ್ತಿತ್ತು ಅಂತ ಈ ಶನಿವಾರ ಕೇಳಬೇಕೆಂದಿದ್ದೇನೆ. ಚಿತ್ರಾನ್ನ ಸ್ವಲ್ಪ ಜಾಸ್ತಿಯೇ ಮಾಡಬೇಕಾಗುತ್ತದೆ.